ಮೊದಲನೇ ‘ಬೇಡ’ಕ್ಕೇ ತಟ್ಟೆ ಎತ್ತಿಕೊಂಡು ಹೋದವರಿಗೆ

ಡೆನ್ಮಾರ್ಕ್ ದೇಶದ ಸರೋವರದ ದಂಡೆಯ ಹೋಟೆಲಿನಲ್ಲಿ ಬಡಿಸುವವರ ಮುಖ್ಯಸ್ಥರಾಗಿ ಕರಿಕೋಟಿನಲ್ಲಿ ಕಂಗೊಳಿಸುತ್ತಿರುವ ಮಾನ್ಯರೇ,

ಮೈಸೂರಿನ ನಜರ್‌ಬಾದಿನಿಂದ ಚೆಲುವರಾಜು ಮಾಡುವ ವಂದನೆಗಳು. ತಾವೂ ತಮ್ಮ ಬೆಳ್ಳಿಯ ಚಮಚಗಳೂ ಕ್ಷೇಮವೆಂದು ನಂಬಿದ್ದೇನೆ. ಕಳೆದ ಜೂನ್ ತಿಂಗಳಲ್ಲಿ ತಮ್ಮಲ್ಲಿ ನಡೆದ ನನ್ನ ತಂಗಿಯ ಮಗಳು ಶಾಲಿನಿಯ ಮದುವೆಗೆ ಸೋದರಮಾವನಾಗಿ ಬಂದಿದ್ದವನು ನಾನು. ಪಕ್ಕದಲ್ಲಿ ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿದ್ದವರು ನನ್ನ ತಾಯಿ, ಎಪ್ಪತ್ತೆಂಟರ ದೇವಿರಮ್ಮ. ‘ನಮ್ಮ ಸೇವೆ ಹೇಗಿತ್ತು?’ ಎಂದು ತಮ್ಮ ಹೋಟೆಲಿನವರು ಕಳಿಸಿದ ಇಮೇಲಿನಲ್ಲಿ ಐದು ನಕ್ಷತ್ರಗಳನ್ನೂ ಬರೆಯಲು ಬೆರಳಗಲದ ಜಾಗವನ್ನೂ ಕೊಟ್ಟಿದ್ದರು. ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದು, ಪ್ರಯಾಣಿಕರ ದೂರುಗಳನ್ನು ಓದಿ ಓದಿ ಪಳಗಿದವನ ದೂರು ಅಷ್ಟು ಜಾಗದಲ್ಲಿ ಹಿಡಿಯುವುದಿಲ್ಲವಾದ್ದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ, ಕ್ಷಮಿಸಬೇಕು.

ಮೊದಲು ಹೊಗಳಿಕೆ. ಯೋಗಶಾಲೆಯಲ್ಲಿ ತಲೆಕೆಳಗಾಗಿ ನಿಲ್ಲುವುದನ್ನು ಕಲಿಯಲು ನಮ್ಮೂರಿನ ಗೋಕುಲಂಗೆ ಬಂದ ತಮ್ಮ ದೇಶದ ಹುಡುಗ ನಮ್ಮ ಹುಡುಗಿಯನ್ನು ನೋಡಿ ನೇರವಾಗಿ ನಿಂತ. ಆ ಕಾರಣಕ್ಕೆ ನಾವು ತಮ್ಮಲ್ಲಿಗೆ ಬರುವಂತಾಯಿತು. ಎರಡು ಗಂಟೆಗೆ ಎಂದ ಮದುವೆ ಎರಡು ಗಂಟೆಗೇ ಶುರುವಾದದ್ದನ್ನು ಕಂಡು ನಿಲ್ದಾಣದವನಾದ ನನ್ನ ಕಣ್ಣು ತುಂಬಿ ಬಂತು. ಊಟದ ಮೇಜಿನ ಮೇಲೆ ನನ್ನ ಹೆಸರಿನ ಚೀಟಿ ಇತ್ತು. ನಮ್ಮ ಛತ್ರಗಳಲ್ಲಿ ಮಾಡುವ ಹಾಗೆ ಉಣ್ಣುತ್ತಿರುವವರ ಬೆನ್ನ ಹಿಂದೆ ನಿಂತು, ಅವರು ಯಾವಾಗ ಮಜ್ಜಿಗೆಗೆ ಬರುತ್ತಾರೆಂದು ಕಾಯುವ ಕರ್ಮ ಇರಲಿಲ್ಲ.

ಆಮೇಲೆ ತಾವು ಬಂದಿರಿ. ಬೆಣ್ಣೆಯಲ್ಲಿ ಬೆಂದ ಮೀನಿನ ತಟ್ಟೆ ಹಿಡಿದು, ಸೊಂಟ ಬಗ್ಗಿಸಿ, ಬಡಿಸಲೇ ಎಂದು ಕೇಳಿದಿರಿ. ಮೀನೆಂದರೆ ಪ್ರಾಣ ಬಿಡುವ ನಮ್ಮವ್ವ ಕೈ ಅಡ್ಡ ಹಿಡಿದು ಬೇಡ ಎಂದರು. ಹೆಣ್ಣಿನ ಕಡೆಯವರ ಗತ್ತು ಎಲ್ಲಿ ಹೋದೀತು, ನಾನೂ ‘ನೋ, ನೋ’ ಎಂದೆ. ತಾವು ಮುಗುಳ್ನಕ್ಕು ಆ ಮೀನನ್ನು ಪಕ್ಕದ ಮೇಜಿಗೆ ಒಯ್ದುಬಿಟ್ಟಿರಿ!

ಮಾನ್ಯರೇ, ನಮ್ಮ ಸೀಮೆಯಲ್ಲಿ ಮೊದಲನೇ ‘ಬೇಡ’ ಮರ್ಯಾದೆಗೆ, ಎರಡನೆಯದು ಬಡಿಸುವವರಿಗೆ ಎಷ್ಟು ಪ್ರೀತಿಯಿದೆಯೆಂದು ನೋಡುವುದಕ್ಕೆ. ಮೂರನೆಯ ಸಲ ಎರಡೂ ಕೈಯನ್ನು ಎಲೆಯ ಮೇಲೆ ಚಾಚಿ ಬಗ್ಗಿಕೊಂಡರೆ ಮಾತ್ರ, ಸ್ವಲ್ಪ ಕಡಿಮೆ ಬಡಿಸುತ್ತಾರೆ. ನಮ್ಮ ಕಡೆಯ ಮದುವೆಗಳಲ್ಲಿ ಬಡಿಸುವ ಸುಂದರೇಶ ಬೆರಳ ಸಂದಿಯಲ್ಲೇ ಪಾಯಸ ಬಿಡುವ ನಿಪುಣ. ತಮ್ಮಲ್ಲಿ ಹಾಗಿಲ್ಲವೆಂದು ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು, ಏಕೆಂದರೆ ಮೀನು ಬೇಡವೆಂದವರು ಆಲೂಗಡ್ಡೆ ಬೇಕೆಂದು ಬಾಯಿ ಬಿಟ್ಟು ಕೇಳುವುದು ಹೇಗೆ? ಅದನ್ನೂ ಬೇಡವೆಂದೆವು, ಕೇಕನ್ನೂ ಬೇಡವೆಂದೆವು. ಪ್ರತಿ ಸಲವೂ ತಾವು ನಮ್ಮ ಮಾತಿಗೆ ಕೊಟ್ಟ ಬೆಲೆ ನೋಡಿ ಹೊಟ್ಟೆ ಉರಿಯಿತು. ಊಟದ ನಡುವೆ ಒಂಬತ್ತು ಜನ ಭಾಷಣ ಮಾಡಿದರು. ಅವ್ವನ ಕೈಚೀಲದಲ್ಲಿ ಮನೆಯ ಕೋಡುಬಳೆ ಇತ್ತಾದರೂ ಕಡಿದರೆ ಸದ್ದಾಗುತ್ತದೆಂದು, ಸಭೆ ಚಪ್ಪಾಳೆ ತಟ್ಟಿದಾಗ ಮಾತ್ರ ಇಬ್ಬರೂ ಕಡಿದೆವು. ಭಾಷಣಗಳಿಗೆ ನಮ್ಮಷ್ಟು ಆಸೆಯಿಂದ ಚಪ್ಪಾಳೆ ತಟ್ಟಿದವರು ಅಲ್ಲಿ ಇನ್ನೊಬ್ಬರಿರಲಿಲ್ಲ.

ನಾನು ದೇಶ ನೋಡದವನಲ್ಲ. ಹೋದ ವರ್ಷ ಸ್ನೇಹಿತರ ಮಗ ಕೀರ್ತಿಯ ಮದುವೆಗೆಂದು ಬ್ಯಾಂಕಾಕಿಗೂ ಹೋಗಿದ್ದೆ. ಅಲ್ಲಿ ಬಡಿಸುವವರು ಒಂದೊಂದು ಪದಾರ್ಥಕ್ಕೂ ಕೈಮುಗಿಯುತ್ತಿದ್ದರು. ನಾವು ಕೂತು ಮುಗಿದರೆ ಚೆನ್ನಲ್ಲವೆಂದು ಎದ್ದು ಎದ್ದು ಮುಗಿದೆವು. ಊಟ ಆರಿತು, ಮಂಡಿ ನೊಂದಿತು, ಆದರೂ ಹೊಟ್ಟೆ ತುಂಬಿತು.

ಇಲ್ಲಿಯವರೆಗೆ ಹೇಳಿದ್ದು ನಗುವ ಮಾತು, ಮುಂದಿನದು ಹಾಗಲ್ಲ. ವಾಪಸು ಬರುವಾಗ ವಿಮಾನದಲ್ಲಿ ಅವ್ವ ಹೇಳಿದರು: ‘ಉಣ್ಣವ್ವ ಅಂತ ಒಬ್ರಾದ್ರೂ ಬಲವಂತ ಮಾಡ್ನಿಲ್ಲ ಕಣೋ ಚೆಲುವ. ನಾವು ಬಂದಿದ್ದೇ ಬೇಡಾಗಿತ್ತು ಅವ್ರಿಗೆ. ಅಂಥ ಮನೆಗೆ ಹೆಣ್ ಕೊಟ್ಬುಟ್ಟೋ.’ ಅವರು ಬೀಗರ ಮಾತೆತ್ತಿದ್ದು ಅದೇ ಕೊನೆ. ಐದು ತಿಂಗಳು, ಶಾಲಿನಿ ಫೋನಿನಲ್ಲಿ ಅತ್ತೆಯ ಮುಖ ತೋರಿಸಿದಾಗಲೆಲ್ಲ ಅವ್ವ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ತಾನು ಆಡಿ ಬೆಳೆದ ಮಡಿಲು ತನ್ನ ಗಂಡನ ಮನೆಯವರಿಗೆ ಬೆನ್ನು ತಿರುಗಿಸಿತೆಂದು ಆ ಹುಡುಗಿ ಅತ್ತದ್ದನ್ನು ನಾನು ಕೇಳಿದ್ದೇನೆ. ತಾವು ಒಂದು ಹೆಜ್ಜೆ ಹಿಂದಕ್ಕೆ ಬಂದು ಇನ್ನೊಂದು ಸಲ ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ನವೆಂಬರಿನಲ್ಲಿ ಬೋಗಾದಿಯ ತಂಗಿಯ ಮನೆಯಲ್ಲಿ ಬೀಗರ ಊಟ ಇಟ್ಟುಕೊಂಡೆವು. ಗಂಡಿನ ಕಡೆಯವರನ್ನು ಕರೆದು ಮಾಂಸದೂಟ ಹಾಕಿ ನಂಟಸ್ತನ ಗಟ್ಟಿ ಮಾಡಿಕೊಳ್ಳುವುದು ನಮ್ಮವರ ಪದ್ಧತಿ. ತಮ್ಮ ದೇಶದ ಬೀಗಿತಿ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು, ಸುಂದರೇಶ ಬಂದ. ಆಕೆ ಬೇಡವೆಂದದ್ದು ನಿಜವಾಗಿಯೂ ಬೇಡವೆಂದೇ, ಅದು ಅವನಿಗೆ ಹೇಗೆ ಗೊತ್ತಾಗಬೇಕು? ಬಡಿಸಿದ್ದನ್ನು ಬಿಡುವುದು ತಮ್ಮವರಲ್ಲಿ ತಪ್ಪಂತೆ. ಪಾಪ, ಮೂರು ರಾಗಿಮುದ್ದೆ ಇಳಿಸಿ ಬೆವರಿದರು. ಶಾಲಿನಿ ಪಕ್ಕದಲ್ಲಿ ಕೂತು, ನಗುತ್ತ, ಇಲ್ಲಿ ‘ಬೇಡ’ ಎಂದರೆ ಏನೆಂದು ಅತ್ತೆಗೆ ಬಿಡಿಸಿ ಹೇಳಿದಳು. ತಮ್ಮ ಹೋಟೆಲಿನಲ್ಲಿ ಅಜ್ಜಿ ಮೂರು ಸಲ ಬೇಡವೆಂದದ್ದನ್ನೂ ಹೇಳಿದಳು.

ಆ ಹೆಂಗಸು ಅದನ್ನು ಕೇಳಿದ್ದೇ ತಡ, ಗೋಡೆ ಹಿಡಿದು ಎದ್ದು, ಸುಂದರೇಶನ ಕೈಯಿಂದ ಸಾರಿನ ಪಾತ್ರೆ ಕಿತ್ತುಕೊಂಡು, ನಮ್ಮವ್ವನ ಎದುರು ಮಂಡಿಯೂರಿದರು. ಅವ್ವ ‘ನಂಗೆ ಹಸಿವಿಲ್ಲ’ ಎಂದು ಖಾಲಿ ಎಲೆ ಮುಂದಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದರು. ಅವ್ವ ಬೇಡ ಎಂದರು. ಆಕೆ ಬಡಿಸಲು ಕೈ ಚಾಚಿದರು. ಅವ್ವ ಮತ್ತೆ ಬೇಡವೆಂದು ಎಲೆಗೆ ಎರಡೂ ಕೈ ಅಡ್ಡ ಇಟ್ಟರು. ಆಕೆ ಆ ಕೈಗಳನ್ನು ಹಿಡಿದು, ಮೆಲ್ಲಗೆ ಪಕ್ಕಕ್ಕೆ ಸರಿಸಿ, ಎಲೆ ತುಂಬ ಬಡಿಸಿದರು. ಅವ್ವ ಉಂಡರು. ಉಣ್ಣುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, ‘ಈಯಮ್ಮ ನಮ್ಮೋಳೇ ಕಣೋ’ ಎಂದರು.

ಆದಕಾರಣ ತಮ್ಮಲ್ಲಿ ನನ್ನ ಬಿನ್ನಹವಿಷ್ಟೆ: ತಮ್ಮ ಸಿಬ್ಬಂದಿಯಲ್ಲಿ ಕೂಡಲೇ ಒಬ್ಬ ಬಲವಂತಾಧಿಕಾರಿಯನ್ನು ನೇಮಿಸತಕ್ಕದ್ದು, ತಾವು ಆರು ತಿಂಗಳ ರಜೆ ಹಾಕಿ ಬೋಗಾದಿಗೆ ಬಂದು ಸುಂದರೇಶನ ಕೈಕೆಳಗೆ ಸಾರಿನ ಬಕೆಟ್ ಹಿಡಿಯತಕ್ಕದ್ದು, ಆ ದಿನ ಪಕ್ಕದ ಮೇಜಿನಲ್ಲಿ ನಮ್ಮ ಮೀನು ತಿಂದವರು ಯಾರೆಂದು ವಿಚಾರಣೆ ನಡೆಸಿ ವರದಿ ಕಳಿಸತಕ್ಕದ್ದು. ಇಷ್ಟಾದ ಮೇಲೆ ಐದು ನಕ್ಷತ್ರಗಳ ವಿಷಯ ನಿಧಾನವಾಗಿ ಯೋಚಿಸೋಣ.

ಬಡಿಸುವವರ ಮುಖ ನೋಡಿಯೇ ಉಣ್ಣುವ ಊರಿನಿಂದ,
ತಮ್ಮ ವಿಶ್ವಾಸಿ,
ಚೆಲುವರಾಜು

ವಿ.ಸೂ.: ಬರುವ ಬೇಸಿಗೆಯಲ್ಲಿ ಶಾಲಿನಿಯ ನಾದಿನಿಯ ಮದುವೆಯೂ ತಮ್ಮಲ್ಲೇ ಅಂತೆ, ಬೀಗಿತಿ ನಮ್ಮಿಬ್ಬರನ್ನೂ ಕರೆದಿದ್ದಾರೆ. ಬರುತ್ತೇವೆ, ಆದರೆ ತಮ್ಮ ಊಟ ಮಾತ್ರ ನಮಗೆ ಖಂಡಿತ ಬೇಡ. ಇದು ಮೊದಲನೇ ‘ಬೇಡ’ ಎಂದು ದಯಮಾಡಿ ಗುರುತು ಹಾಕಿಕೊಳ್ಳಿ.