ಹಸಿರು ಕೊಡೆಯ ಹೆಂಗಸು

ಹತ್ತೊಂಬತ್ತರಲ್ಲಿ ಬರೆದ ಸುಳ್ಳೊಂದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಫಾರಂ ರೂಪ ತಾಳಿ ವಾಪಸು ಬಂತು.

ಕಾಲೇಜಿನ ಮನಶ್ಶಾಸ್ತ್ರ ವಿಭಾಗ ಪ್ರತಿವರ್ಷ ನಡೆಸುವ ಸಮೀಕ್ಷೆ ಅದು. ಮೊದಲ ವರ್ಷ 'ನಿಮ್ಮ ಮೊದಲ ಲೈಂಗಿಕ ಅನುಭವ ತಿಳಿಸಿ' ಎಂದಿತ್ತು. ನಮ್ಮವನದು ಸೊನ್ನೆ. ಆದರೆ ಗಂಡಸಾಗಿ ಹುಟ್ಟಿ ಸೊನ್ನೆ ಬರೆಯುವುದುಂಟೇ? ರೈಲು, ಮಳೆ, ಹಸಿರು ಕೊಡೆ ಹಿಡಿದ ಹೆಂಗಸು ಎಂದು ಅರ್ಧ ಪುಟ ಗೀಚಿದ್ದ. ಪಕ್ಕದವನು ಇಣುಕಿದ್ದ. ಸಂಜೆಯೊಳಗೆ ಹಾಸ್ಟೆಲಿನಲ್ಲಿ ಇವನ ಹೆಸರು 'ಅನುಭವಿ' ಎಂದಾಗಿತ್ತು.

ಈಗ ಕೊನೆಯ ವರ್ಷ. 'ಆ ಅನುಭವದ ಬಗ್ಗೆ ಇಂದು ಏನನ್ನಿಸುತ್ತದೆ? ಸಂಜೆ ಐದರೊಳಗೆ ಕೊಡಿ.'

ಅನ್ನಿಸುತ್ತಿದ್ದದ್ದು ಭಯ. ಕಳೆದ ತಿಂಗಳಷ್ಟೇ, ಗ್ರಂಥಾಲಯದಲ್ಲಿ ಎದುರು ಕುರ್ಚಿಯಲ್ಲಿ ಕೂರುವ ಹುಡುಗಿಯೊಂದಿಗೆ, ನಿಜವಾದದ್ದು ಒದಗಿತ್ತು. ನೀರಿನ ಬಾಟಲಿ ಉರುಳಿ ಹಾಸಿಗೆ ತೊಯ್ದು, ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು. ಅಂಥ ಮಧ್ಯಾಹ್ನದ ನಡುವೆ ಈ ಕೊಡೆಯವಳೇಕೆ? ಆ ಹುಡುಗಿ ಅದರ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ, ನಿಜ. ಕೇಳಿದ ದಿನ ತನ್ನನ್ನು ಬಿಟ್ಟೇ ಹೋಗುತ್ತಾಳೆ. ಇವತ್ತೇ ತಿದ್ದಿಬಿಡಬೇಕು.

ಇದನ್ನು ಕೇಳಿ ರೂಮಿನವನು ಹೌಹಾರಿದ. "ಲೋ, ತಲೆ ಕೆಟ್ಟಿದ್ಯಾ? ನೀನು ಅಳಿಸಿದ್ರೆ ನಮ್ಮ ಗತಿ?"

"ನಿಮಗೇನೋ?"

"ನಿಂದು ನೋಡಿ ನಾನು ಬರೆದೆ, ನಂದು ನೋಡಿ ಹಿಂದಿನ ಬೆಂಚು. ಒಟ್ಟು ಹನ್ನೊಂದು ಜನ ಕಣೋ!"

ಪರೀಕ್ಷೆಯ ಅಭ್ಯಾಸಬಲ, ಗುಟ್ಟನ್ನೂ ಕಾಪಿ ಹೊಡೆದಿದ್ದರು. ಕ್ಷಣದಲ್ಲಿ ರೂಮು ತುಂಬಿತು.

"ಎರಡನೇ ವರ್ಷ ಪಶ್ಚಾತ್ತಾಪ ಅಂತ ಬರೀತಾ ನಂಗೆ ಕಣ್ಣಲ್ಲಿ ನೀರೇ ಬಂತು" ಎಂದ ಕುಳ್ಳ.

"ನಾನು ಈ ಸಲ ಅವಳನ್ನ ಕ್ಷಮಿಸಿಬಿಟ್ಟೆ" ಎಂದ ಉದ್ದನೆಯವನು.

ಇಲ್ಲದ ಹೆಂಗಸಿನ ಹೆಸರಲ್ಲಿ ಜಂಬಪಟ್ಟು, ಅತ್ತು, ಕೊನೆಗೆ ಕ್ಷಮೆಯನ್ನೂ ದಯಪಾಲಿಸಿದ ಆ ಗಂಡುಕುಲವನ್ನು ತಳ್ಳಿಕೊಂಡು, ಒಂದು ಚಪ್ಪಲಿ ಅಲ್ಲೇ ಬಿಟ್ಟು, ಅನುಭವಿ ಓಡಿದ.

ವಿಭಾಗದ ಮೇಡಂ ಎಲ್ಲ ಕೇಳಿ ಕನ್ನಡಕ ತೆಗೆದರು. "ಅಯ್ಯೋ ಪಾಪಿ, ಆ ಹೆಂಗಸಿನ ಮೇಲೆ ಒಂದಿಡೀ ಅಧ್ಯಾಯ ಬರೆದಿದೀನಲ್ಲೋ! ರೈಲ್ವೆಯವರಿಗೆ ಕಾಗದಾನೂ ಹಾಕಿದ್ದೆ. ಹೋಗ್ಲಿ, ಹೊಸ ಫಾರಂ ತಗೋ. ಹೊರಗೆ ಇನ್ನೊಬ್ಬಳೂ ತಿದ್ದುತಾ ಕೂತಿದಾಳೆ."

ಹೊರಗಿನ ಬೆಂಚಿನಲ್ಲಿ ಕೂತಿದ್ದವಳು ಆ ಗ್ರಂಥಾಲಯದ ಹುಡುಗಿಯೇ.

"ಕೊಡೆಯವಳು ಸುಳ್ಳು! ಯಾರೂ ಇರಲಿಲ್ಲ, ನೀನೇ ಮೊದಲು" ಎಂದು ಒಂದೇ ಉಸಿರಿಗೆ ಒದರಿದ. ಅವಳ ಮುಖ ಅರಳಲಿಲ್ಲ, ಇಳಿಯಿತು.

"ಅಯ್ಯೋ! ಇವನಿಗೂ ಒಂದು ಹಳೇ ಕತೆ ಇದೆ, ನಂದಕ್ಕೆ ಮುಖ ಸಿಂಡರಿಸಲ್ಲ ಅಂತ್ಲೇ ಅಲ್ವೇನೋ ನಿನ್ನ ಒಪ್ಪಿದ್ದು?"

ತನ್ನ ಫಾರಮಿನಲ್ಲಿ ಅವಳು ಸೊನ್ನೆಯನ್ನು ಹೊಡೆದುಹಾಕಿ 'ಒಂದು' ಎಂದು ತಿದ್ದಿದ್ದಳು.

"ಹುಡುಗಿ ಅಂದ್ಮೇಲೆ ಸೊನ್ನೆ ಬರೀಲೇಬೇಕಿತ್ತಲ್ಲ. ಆಗ ನಾಚಿಕೆ ಇತ್ತು. ಈಗ ಯಾತಕ್ಕೆ? ನನ್ನ ಹಳೇ ಕತೆಯವನೂ ಒಳ್ಳೆಯವನೇ."

ಅನುಭವಿ ಆ ಹೊಡೆದ ಸೊನ್ನೆಯನ್ನು ನೋಡಿದ. ಸುಳ್ಳಿಗಾಗಿ ತನಗೆ ಮೂರು ವರ್ಷ ಚಪ್ಪಾಳೆ. ಅವಳಿಗೆ ಮೂರು ವರ್ಷ ಸೊನ್ನೆ. "ಸದ್ಯ" ಎಂದ ಮೆಲ್ಲಗೆ, "ನಮ್ಮಿಬ್ಬರಲ್ಲಿ ಒಬ್ಬರಿಗಾದ್ರೂ ಅನುಭವ ಇತ್ತು."

ಅವಳು ಬಾಟಲಿ ಉರುಳಿದ ದಿನದಂತೆಯೇ ನಕ್ಕಳು. ಅವನು ಖುಷಿಯಿಂದ, ಹೆಸರೊಂದನ್ನು ಬಿಟ್ಟು, ಎಲ್ಲ ನಿಜ ಬರೆದ: ಮಧ್ಯಾಹ್ನ, ಬಾಟಲಿ, ನಗು. 'ಇಂದು ಏನನ್ನಿಸುತ್ತದೆ?' 'ನೆಮ್ಮದಿ.' ಅಷ್ಟರಲ್ಲಿ ಬಿಟ್ಟುಬಂದ ಚಪ್ಪಲಿ ಹಿಡಿದು ರೂಮಿನವನು ಬಂದು ಬೆನ್ನ ಹಿಂದೆ ನಿಂತಿದ್ದನ್ನು ಇಬ್ಬರೂ ಗಮನಿಸಲಿಲ್ಲ.

ಐದು ಗಂಟೆಗೆ ಮೇಡಂ ಅನುಭವಿಯನ್ನು ಒಳಗೆ ಕರೆದರು. ಮೇಜಿನ ಮೇಲೆ ತಿದ್ದಿದ ಹನ್ನೊಂದು ಫಾರಂ. ಹನ್ನೊಂದರಲ್ಲೂ ಬಾಟಲಿ ಉರುಳಿತ್ತು, ಹಾಸಿಗೆ ತೊಯ್ದಿತ್ತು, ನೆಮ್ಮದಿ ತುಂಬಿ ತುಳುಕಿತ್ತು.

"ಈಗಲಾದ್ರೂ ನಿಜ ಹೇಳಪ್ಪಾ" ಎಂದರು ಮೇಡಂ, "ನೀನು ಯಾರದ್ದು ನೋಡಿ ಬರೆದೆ?"