ಧಾಟಿ ಕಟ್ಟಿದವರ ಹೆಸರು

ಆ ಅರ್ಜಿಯಲ್ಲಿ ನಾಲ್ಕನೇ ಸಾಲು ಇಲ್ಲದೇ ಹೋಗಿದ್ದರೆ ಸುರಪುರದ ಪಿಟೀಲು ದುರಗಪ್ಪ ಆ ದಿನ ಮನೆಯಲ್ಲೇ ಬಿದ್ದುಕೊಂಡಿರುತ್ತಿದ್ದ. ಅವನಿಗೂ ಅದೇ ಬೇಕಿತ್ತು. ಐವತ್ತೊಂಬತ್ತು ವಯಸ್ಸು, ಎರಡೂ ಮೊಣಕಾಲಿಗೆ ನೋವು, ಮೇಲೆ ಹಿಂದಿನ ದಿನವಷ್ಟೇ ಯಾರದೋ ಬಸುರಿ ಮಗಳ ಕುಬಸಕ್ಕೆ ಮೂರು ತಾಸು ನುಡಿಸಿ ಬಂದ ಸುಸ್ತು. ಆದರೆ ನಾಲ್ಕನೇ ಸಾಲಿನಲ್ಲಿ ‘ಧಾಟಿ ಕಟ್ಟಿದವರ ಹೆಸರು’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅದರ ಮುಂದೆ ಬರೆಯಲು ಜಾಗವೂ ಇತ್ತು.

ನಲವತ್ತು ವರ್ಷದಲ್ಲಿ ದುರಗಪ್ಪನನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಸುರಪುರ, ಶಹಾಪುರ, ಯಾದಗಿರಿ ಸುತ್ತ ಅವನ ಪಿಟೀಲು ಕೇಳದ ಮದುವೆಯಿಲ್ಲ, ಭಜನೆಯಿಲ್ಲ. ನುಡಿಸಿ ಸುಮ್ಮನಿರುವ ಜಾತಿಯೂ ಅಲ್ಲ. ಏನಾದರೂ ನಡೆದರೆ ಅದಕ್ಕೊಂದು ಹೊಸ ಧಾಟಿ ಕಟ್ಟಿ, ಹೆಸರಿಟ್ಟು, ಅಲ್ಲೇ ಕೊಟ್ಟು ಬರುವ ಚಟ. ಶಾಲೆಯ ಮಾಸ್ತರರು ನಿವೃತ್ತರಾದಾಗ ‘ಮಾಸ್ತರ ಸೈಕಲ್ಲು’. ಹತ್ತಿಕುಣಿ ಕೆರೆ ತುಂಬಿದಾಗ ‘ಕೋಡಿ ಹರಿದದ್ದು’. ಹೆಂಡತಿ ಹನುಮಮ್ಮ ಜಗಳ ಮಾಡಿಕೊಂಡು ತವರಿಗೆ ಹೋಗಿ ಹನ್ನೊಂದು ದಿನ ಕೂತಾಗ ‘ಹನುಮಮ್ಮನ ಮುನಿಸು’. ಆಗ ಅವಳ ತವರುಮನೆಯ ಕಟ್ಟೆಯ ಮೇಲೆ ಕೂತು ಅದನ್ನೇ ನುಡಿಸಿ ಅವಳನ್ನು ಕರೆತಂದಿದ್ದ. ಧಾಟಿಗಳೆಲ್ಲ ಊರೂರು ತಿರುಗಿದವು. ಕಳೆ ತೆಗೆಯುವ ಹೆಣ್ಣುಮಕ್ಕಳು ಗುನುಗಿದರು, ಆಟೋದವರು ಫೋನಿಗೆ ಹಾಕಿಕೊಂಡರು. ಕಟ್ಟಿದವನು ಯಾರು ಅಂತ ಮಾತ್ರ ಒಬ್ಬನೂ ಕೇಳಲಿಲ್ಲ.

ಈಗ ಸುಮಂಗಲಾ ಎಂಬ ಮೇಡಂ ಈ ಭಾಗದ ಧಾಟಿಗಳನ್ನು ಪುಸ್ತಕ ಮಾಡಲು ಭೀಮರಾಯನಗುಡಿಯ ವಿಶ್ರಾಂತಿಗೃಹಕ್ಕೆ ಬಂದಿದ್ದರು. ಆ ಅರ್ಜಿ ಹಂಚಿದ್ದು ಅವರೇ. ಧಾಟಿಯ ಜೊತೆ ಕಟ್ಟಿದವರ ಹೆಸರೂ ಅಚ್ಚಾಗುತ್ತದೆ, ಅದಕ್ಕೆ ಇಬ್ಬರು ಸಾಕ್ಷಿ ಬೇಕು ಎಂದಿದ್ದರು.

“ಒಂದ್ ಸಲ, ಒಂದಽ ಸಲ, ನಾ ಕಟ್ಟಿದ್ದರ ಮುಂದ ನನ್ನ ಹೆಸರು ನೋಡ್ಬೇಕು ಹನುಮಿ. ಆಮ್ಯಾಲ ಸತ್ರೂ ಚಿಂತಿಲ್ಲ” ಎಂದ ದುರಗಪ್ಪ.

“ಮುಂಜಾನಿ ಮುಂಜಾನಿ ಸಾಯೂ ಮಾತು ಯಾಕ್ರಿ? ನಾನಽ ಬಂದು ಸಾಕ್ಷಿ ಹೇಳ್ಲೇನು?”

“ಹೆಂಡ್ತಿ ಸಾಕ್ಷಿ ನಡಿಯಂಗಿಲ್ಲಂತ. ಈಶಪ್ಪಣ್ಣ ಹೇಳ್ಯಾನ.”

ಈಶಪ್ಪ ಪಕ್ಕದ ಮನೆಯವನು. ಭೀಮರಾಯನಗುಡಿಯ ಒಂದು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು, ಆದ್ದರಿಂದ ಜಗತ್ತಿನ ಯಾವ ಅರ್ಜಿಯೂ ತನ್ನನ್ನು ಕೇಳದೆ ತುಂಬಬಾರದು ಎಂದು ನಂಬಿದವನು. ಒಂದನೇ ಸಾಕ್ಷಿ ಅವನೇ. ಎರಡನೆಯವನು ಢೋಲಕ್ ಬಾರಿಸುವ ಫಕೀರಸಾಬ. ದುರಗಪ್ಪ ಧಾಟಿ ಕಟ್ಟುವಾಗಲೆಲ್ಲ ಪಕ್ಕದಲ್ಲೇ ಕೂತು ತಾಳ ಹಾಕಿದವನು. ಇವನಿಗಿಂತ ಗಟ್ಟಿ ಸಾಕ್ಷಿ ಎಲ್ಲಿ ಸಿಕ್ಕೀತು ಹೇಳಿ.

ಭೀಮರಾಯನಗುಡಿಗೆಂದು ಮೂವರೂ ಹತ್ತಿದ ಶಹಾಪುರದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬ ಪುಣ್ಯಾತ್ಮ ಪಿಟೀಲು ನೋಡಿ, “ಒಂದ್ ಧಾಟಿ ನುಡಸ್ತೀರಂದ್ರ ಕುಂದರ್ರಿ” ಎಂದು ಸೀಟು ಬಿಟ್ಟುಕೊಟ್ಟ. ದುರಗಪ್ಪ ಕೂತು ‘ಕೋಡಿ ಹರಿದದ್ದು’ ನುಡಿಸಿದ. ಅರ್ಧ ಬಸ್ಸು ಸೇರಿ ಗುನುಗಿತು. ದುರಗಪ್ಪನ ಮುಖ ಅರಳುವಷ್ಟರಲ್ಲಿ ಸೀಟು ಬಿಟ್ಟವನೇ ಎದೆ ತಟ್ಟಿಕೊಂಡ. “ಇದು ನಮ್ಮ ಹತ್ತಿಕುಣಿ ಧಾಟಿ!”

ಹಿಂದಿನ ಸೀಟಿನಿಂದ ರೇಣಮ್ಮ ಎಂಬ ಹೆಂಗಸು ಎದ್ದಳು. “ನಿಮ್ಮದ್ಯಾಕ ಆದೀತು? ಅಪ್ಪಟ ನಮ್ಮೂರು ಮುದನಾಳದ್ದು. ನಮ್ಮತ್ತಿಯ ಅತ್ತಿ ಹಾಡ್ತಿದ್ಳು.”

“ನಿಮ್ಮತ್ತಿ ನಮ್ಮೂರಾಗ ಕೇಳಿರಬೇಕು!”

“ನಮ್ಮತ್ತಿ ಹೊಸಲ ದಾಟಿದಾಕಿ ಅಲ್ಲ. ಅತ್ತಿ ಸುದ್ದಿಗೆ ಬಂದಿ ಅಂದ್ರ ನೋಡು!”

ಬಸ್ಸು ಎರಡು ಪಾರ್ಟಿಯಾಯಿತು. ಕೈಕೈ ಮಿಲಾಯಿಸುವ ಹೊತ್ತಿಗೆ ದುರಗಪ್ಪನಿಗೆ ತಡೆಯಲಾಗಲಿಲ್ಲ. “ಯವ್ವಾ, ಯಪ್ಪಾ, ಜಗಳಾಡಬ್ಯಾಡ್ರಿ. ಅದು ಯಾವ ಊರಿಂದೂ ಅಲ್ರಿ. ಕೆರಿ ತುಂಬಿದ ವರ್ಷ ನಾನಽ ಕಟ್ಟೀನಿ” ಎಂದ.

ಜಗಳ ಗಪ್ಪಂತ ನಿಂತಿತು. ಎರಡೂ ಪಾರ್ಟಿ ಒಂದಾಗಿ ಅವನತ್ತ ತಿರುಗಿದವು.

“ಊರ ಮಂದಿ ಧಾಟಿ ತನ್ನದಂತಾನಲ್ಲ, ನಾಚ್ಕಿ ಬರಬಾರ್ದೇನು?” ಎಂದಳು ರೇಣಮ್ಮ.

“ಏಳ್ರಿ, ಸೀಟು ಬಿಡ್ರಿ” ಎಂದ ಹತ್ತಿಕುಣಿಯವನು.

ಉಳಿದ ದಾರಿಯನ್ನು ದುರಗಪ್ಪ ಪಿಟೀಲನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತೇ ಕಳೆದ. ಇಳಿಯುವಾಗ ಮೊಣಕಾಲುಗಳು ಅವನ ಮಾತು ಕೇಳುವುದನ್ನು ಬಿಟ್ಟಿದ್ದವು. “ಫಿಕರ್ ಮಾಡಬ್ಯಾಡ ದೋಸ್ತ್, ನಾವಿಲ್ಲೇನು” ಎಂದು ಫಕೀರಸಾಬ ಬೆನ್ನು ತಟ್ಟಿದ. ಪಾಪ, ದುರಗಪ್ಪನಿಗೆ ಅಷ್ಟರಿಂದಲೇ ಧೈರ್ಯ ಬಂತು.

ಸುಮಂಗಲಾ ಮೇಡಂ ಒಳ್ಳೆಯವರು. ನೀರು ಕೊಟ್ಟರು, ಚಹಾಕ್ಕೆ ಹೇಳಿದರು, ರೆಕಾರ್ಡಿಂಗ್ ಯಂತ್ರ ಚಾಲೂ ಮಾಡಿದರು. ದುರಗಪ್ಪ ಎಲ್ಲಕ್ಕಿಂತ ಪ್ರೀತಿಯ ‘ಹನುಮಮ್ಮನ ಮುನಿಸು’ ನುಡಿಸಿದ. ಮೇಡಂ ಕಣ್ಣು ಮುಚ್ಚಿ ಕೇಳಿ, ತೆರೆದು, ಪೆನ್ನು ತೆಗೆದುಕೊಂಡರು.

“ಅದ್ಭುತವಾಗಿದೆ. ಇದನ್ನ ಕಟ್ಟಿದ್ದು ಯಾರು?”

ದುರಗಪ್ಪ ಬಾಯಿ ತೆರೆಯುವ ಮೊದಲೇ ಫಕೀರಸಾಬ ಎದ್ದು ನಿಂತಿದ್ದ. “ಇದು ಇವತ್ತಿಂದಲ್ರಿ ಮೇಡಂ. ನಮ್ಮಜ್ಜನ ಕಾಲದ್ದು!”

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಯಾವುದಾದರೂ ಬಹಳ ಚೆನ್ನಾಗಿದ್ದರೆ ನಾವು ಚೆನ್ನಾಗಿದೆ ಅನ್ನುವುದಿಲ್ಲ, ಹಳೇದು ಅನ್ನುತ್ತೇವೆ. ಹೊಸದು ಅಂದರೆ ಬಜಾರಿನ ಮಾಲು, ನಾಲ್ಕು ದಿನಕ್ಕೆ ಕಿತ್ತುಹೋಗುವಂಥದ್ದು. ಫಕೀರಸಾಬ ತನ್ನ ಗೆಳೆಯನಿಗೆ ಕೊಡಬಹುದಾದ ಅತಿ ದೊಡ್ಡ ಮರ್ಯಾದೆ ಕೊಟ್ಟಿದ್ದ. ಈಶಪ್ಪನಾದರೂ ಹಿಂದೆ ಬೀಳುತ್ತಾನೆಯೇ?

“ಅಜ್ಜಂದಲ್ರಿ, ದೊರೆಗಳ ಕಾಲದ್ದು. ಮುನ್ನೂರು ವರ್ಷಕ್ಕ ಕಮ್ಮಿ ಇಲ್ಲ. ಬರ್ಕೊಳ್ರಿ” ಎಂದು ಅವನು ಕುರ್ಚಿ ಮುಂದೆಳೆದುಕೊಂಡ.

ದುರಗಪ್ಪ ಫಕೀರಸಾಬನ ತೊಡೆ ಚಿವುಟಿದ. “ಲೇ, ಏನ್ ಹೇಳಾಕತ್ತೀಯೋ? ನಾ ಕಟ್ಟುವಾಗ ನೀ ಬಾಜೂಕಽ ಇದ್ದೆಲ್ಲೋ!”

“ನಿನ್ನ ಇಜ್ಜತ್ ಹೆಚ್ಚು ಮಾಡಾಕತ್ತೇನಿ. ಹೊಸಾದು ಅಂದ್ರ ಯಾರು ಕೇಳ್ತಾರ, ಸುಮ್ನಿರು!”

“ಮೇಡಂರಿ” ಎಂದ ದುರಗಪ್ಪ ಅಳುವ ದನಿಯಲ್ಲಿ, “ದೇವರಾಣಿ ನಾನಽ ಕಟ್ಟೀನ್ರಿ. ಹೆಂಡ್ತಿ ತವರಿಗೆ ಹೋದಾಗ.”

ಮೇಡಂಗೆ ಪೇಚಾಟಕ್ಕಿಟ್ಟುಕೊಂಡಿತು. “ನಿಮ್ಮ ಸಾಕ್ಷಿಗಳೇ ಹೀಗಂತಾರಲ್ಲ... ಒಂದು ಕೆಲಸ ಮಾಡಿ. ಈಗ, ಇಲ್ಲೇ, ಒಂದು ಹೊಸ ಧಾಟಿ ಕಟ್ಟಿ. ನನ್ನ ಕಣ್ಣೆದುರೇ ಕಟ್ಟಿದ್ದನ್ನ ಯಾರೂ ಹಳೇದು ಅನ್ನೋಕಾಗಲ್ಲ. ನಾನೇ ನಿಮಗೆ ಸಾಕ್ಷಿ.”

ದುರಗಪ್ಪ ನೆಲದ ಮೇಲೆ ಕೂತ. ಪಿಟೀಲಿನ ತಲೆಯನ್ನು ಪಾದದ ಮೇಲಿಟ್ಟುಕೊಂಡ. ಮನಸ್ಸಿನಲ್ಲಿ ಏನೂ ಇರಲಿಲ್ಲ, ಬರೀ ದಣಿವಿತ್ತು. ಬಸ್ಸಿನ ದಣಿವು, ಮೊಣಕಾಲಿನ ದಣಿವು, ನಲವತ್ತು ವರ್ಷ ಮಂದಿಯ ಮನೆಯ ಸಂಭ್ರಮಕ್ಕೆ ನುಡಿಸಿ ಕಡೆಯ ಬಸ್ಸಿಗೆ ಓಡಿದ ದಣಿವು. ಕಮಾನು ಎಳೆದ. ಆ ದಣಿವೇ ಮೆಲ್ಲಗೆ ಹೊರಗೆ ಬಂತು, ಒಂದು ಕಡೆ ತಿರುಗಿ ನೋಡಿತು, ಮತ್ತೆ ಮುಂದೆ ನಡೆಯಿತು. ಅಂಥದ್ದನ್ನು ಅವನೂ ಹಿಂದೆ ಕಟ್ಟಿರಲಿಲ್ಲ.

ಮುಗಿದಾಗ ಮೇಡಂ ಕನ್ನಡಕ ಒರೆಸಿಕೊಂಡರು. ನಾಲ್ಕನೇ ಸಾಲಿನ ಮುಂದೆ ‘ದು’ ಎಂದು ಬರೆದರು. ದುರಗಪ್ಪ ಆ ಅಕ್ಷರವನ್ನೇ ನೋಡುತ್ತಿದ್ದ.

ಬಾಗಿಲಲ್ಲಿ ಯಾರೋ ಬಿಕ್ಕಿದರು. ವಿಶ್ರಾಂತಿಗೃಹದ ಕಸ ಹೊಡೆಯುವ ಸಾಯಬಮ್ಮ, ಎಂಬತ್ತರ ಮುದುಕಿ, ಚಹಾದ ತಟ್ಟೆ ಹಿಡಿದು ನಿಂತಿದ್ದಳು.

“ಯಪ್ಪಾ, ನಿನ್ನ ಕೈಗೆ ಬಂಗಾರದ ಕಡಗ ಹಾಕಬೇಕು! ಎಷ್ಟು ವರ್ಷ ಆಗಿತ್ತಪ್ಪಾ ಇದನ್ನ ಕೇಳಿ! ನಮ್ಮವ್ವ ಜ್ವಾಳ ಬೀಸುವಾಗ ಇದನ್ನಽ ಹಾಡ್ತಿದ್ಳು.”

ಪೆನ್ನು ನಿಂತಿತು. “ಇದನ್ನೇ ಅಂತ ಖಾತ್ರಿನಾ ಅಮ್ಮ?”

ಸಾಯಬಮ್ಮ ತಟ್ಟೆ ಕೆಳಗಿಟ್ಟು, ಮೊದಲಿನಿಂದ ಕಡೆಯವರೆಗೆ ಒಂದು ತಿರುವೂ ತಪ್ಪದೆ ಗುನುಗಿ ತೋರಿಸಿದಳು. ನಮ್ಮ ಮಂದಿಯ ಕಿವಿಯೇ ಹಾಗೆ, ಒಂದು ಸಲ ಬಿದ್ದರೆ ಸಾಕು. ಆದರೆ ಅದನ್ನು ಮೇಡಂಗೆ ಹೇಳುವವರು ಯಾರು? ಅವರು ಆನಂದದಿಂದ ‘ದು’ ಅಕ್ಷರ ಹೊಡೆದುಹಾಕಿದರು. “ನೋಡಿ, ನಿಮಗೇ ಗೊತ್ತಿಲ್ಲದೆ ನಿಮ್ಮ ಕೈಯಲ್ಲಿ ಎಂಥ ಪರಂಪರೆ ಇದೆ!” ಎನ್ನುತ್ತ ಬರೆದರು: ‘ಧಾಟಿ ಕಟ್ಟಿದವರ ಹೆಸರು: ತಿಳಿದಿಲ್ಲ. ತೀರಿಕೊಂಡು ಬಹಳ ಕಾಲವಾಗಿದೆ.’ ಕೆಳಗೆ ‘ಮೇಲಿನ ಸಂಗತಿ ನಿಜವೆಂದು ನುಡಿಸಿದವರ ಸಹಿ’ ಎಂದಿತ್ತು.

“ಹಾಕಿಬಿಡೋ ಮಾರಾಯ. ಸಹಿ ಇಲ್ಲಾಂದ್ರ ಧಾಟಿನೂ ಪುಸ್ತಕದಾಗ ಬರಂಗಿಲ್ಲ” ಎಂದ ಈಶಪ್ಪ, ಅನುಭವಸ್ಥ.

ದುರಗಪ್ಪ ಸಹಿ ಹಾಕಿದ. ವಾದ ಮಾಡಲು ಅವನಲ್ಲಿ ತ್ರಾಣ ಉಳಿದಿರಲಿಲ್ಲ.

ಮನೆ ಮುಟ್ಟಿದಾಗ ಸಂಜೆ. ಹನುಮಮ್ಮ ಕಾಲಿಗೆ ನೀರು ಕೊಟ್ಟು ಕೇಳಿದಳು, “ಹೆಸರು ಬರದ್ರೇನ್ರಿ?”

“ಕಟ್ಟಿದಾಂವ ಸತ್ತಾನಂತ ಬರದ್ರು. ಖರೇ ಅಂತ ನಾನಽ ಸಹಿ ಮಾಡಿ ಬಂದೀನಿ.”

ಎಲ್ಲ ಕೇಳಿದ ಹನುಮಮ್ಮ ಕೆಂಡವಾದಳು. “ಅವರ ಬಾಯಾಗ ಮಣ್ಣು ಹಾಕ! ನಾಳಿ ನಾನಽ ಹೋಗಿ ಕೇಳ್ತೀನಿ. ಎಲ್ಲಾ ಧಾಟಿ ನಮ್ಮ ಮನಿಯವರಽ ಕಟ್ಯಾರಂತ ಹೇಳ್ತೀನಿ!”

ದುರಗಪ್ಪನ ಕಣ್ಣು ತುಂಬಿತು. “ನೀ ಒಬ್ಬಾಕಿ ತಿಳ್ಕೊಂಡೀಯಲ್ಲ, ಸಾಕು ಹನುಮಿ. ಅದರಾಗೂ ಆ ಮುನಿಸಿನ ಧಾಟಿ. ಅದನ್ನ ಕೇಳಿ ಗಂಟು ಹಿಡ್ಕೊಂಡು ಹೊರಗ ಬಂದೆಲ್ಲ, ಅದು ಸಾಕು ನನಗ.”

ಹನುಮಮ್ಮ ಸೆರಗು ಸರಿ ಮಾಡಿಕೊಂಡು ನಕ್ಕಳು. “ಅದೊಂದ ಬಿಟ್ಟು ಹೇಳ್ತೀನ್ರಿ, ಸುಳ್ಳು ಯಾಕ ಹೇಳ್ಲಿ? ಅದು ನಮ್ಮವ್ವ ನನ್ನ ತೊಟ್ಲಾಗ ಹಾಕಿ ತೂಗುವಾಗ ಹಾಡ್ತಿದ್ದದ್ದಲ್ಲ? ಬರಬಾರ್ದು ಅಂತಽ ಬಾಗ್ಲಾ ಹಾಕ್ಕೊಂಡು ಕುಂತಿದ್ದೆ. ಈ ಮನಷ್ಯಾ ನಮ್ಮವ್ವನ ಹಾಡು ಎಲ್ಲೋ ಹುಡುಕಿ ಕಲ್ತು ಬಂದಾನಲ್ಲ ಅಂತ ಕರುಳು ಚುರ್ ಅಂತು. ಅದಕಽ ಬಂದೆ. ಇಲ್ಲಾಂದ್ರ ಬರ್ತಿದ್ನೇನು?”

ದುರಗಪ್ಪ ಅವಳನ್ನೇ ನೋಡಿದ. ಮೂವತ್ತು ವರ್ಷದ ಸಂಸಾರ. ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಊಟಕ್ಕೆ ಕೂತ.

“ಹೌದು ಬಿಡು” ಎಂದ ರೊಟ್ಟಿ ಮುರಿಯುತ್ತ, “ಭಾಳ ಹಳೇದು ಅದು.”