ಹನ್ನೊಂದು ಗಂಟೆಯ ಗಂಡ

ನಗಬಾರದ ಕಡೆಯಲ್ಲೇ ನಗು ಬರೋದು ನನ್ನ ಹಣೆಬರಹ. ಡಾಲಸ್‌ನ ಒಂದು ಕ್ರಿಶ್ಚಿಯನ್ ಟಾಕ್ ರೇಡಿಯೋದಲ್ಲಿ ಕೆಲಸಕ್ಕೆ ಸೇರಿದ ಮೇಲಂತೂ ವಾರಕ್ಕೊಂದು ಸಲ ಹಾಗಾಗುತ್ತಿತ್ತು.

೧. ಸೇರಿದ್ದು

ಹಾಡಿಲ್ಲ, ಬರೀ ಮಾತು. ಬೆಳಗ್ಗೆ ಪ್ರವಚನ, ಮಧ್ಯಾಹ್ನ ಸಂಸಾರದ ಬುದ್ಧಿಮಾತು, ಸಂಜೆ ಬೈಬಲ್ ಪ್ರಶ್ನೋತ್ತರ. ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರು ಊರಿಗೂ ಅದೇ. ನಾನು ಡಾಲಸ್ ಪಕ್ಕದ ಲೂಯಿಸ್‌ವಿಲ್‌ನಿಂದ ಡ್ರೈವ್ ಮಾಡಿಕೊಂಡು ಹೋಗಿ, ಹೊತ್ತಿಗೆ ಸರಿಯಾಗಿ ಬಟನ್ ಒತ್ತಬೇಕು, ಬಂದ ಫೋನ್ ಎತ್ತಬೇಕು, ಅಷ್ಟೆ. ದಿನವಿಡೀ ನಮ್ಮ ಪ್ರವಚನ ಕೇಳೋದು ನಿಮಗೆ ಕಷ್ಟ ಆಗಲ್ವಾ ಎಂದು ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಕೇಳಿದರು. ಮೈಸೂರಿನ ನಮ್ಮ ಮನೇಲಿ ಬೆಳಗ್ಗೆ ಸುಪ್ರಭಾತ ಹಾಕಿಟ್ಟು ಎಲ್ಲರೂ ಅವರವರ ಕೆಲಸ ನೋಡಿಕೊಳ್ತಿದ್ದೆವು, ನನಗೆ ಅಭ್ಯಾಸ ಇದೆ ಎಂದೆ. ನಮ್ಮ ಕೇಳುಗರೂ ಹಾಗೇ ಎಂದು ಕೆಲಸ ಕೊಟ್ಟರು.

೨. ತೀರಿಕೊಂಡವರ ಡ್ಯೂಟಿ

ಬೆಳಗಿನ ಪ್ರವಚನಕಾರರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಹಳೇ ರೆಕಾರ್ಡಿಂಗೇ ಓಡುತ್ತಿತ್ತು. ಒಂದು ದಿನ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಿಂದ ಒಬ್ಬ ಆಂಟಿ ಫೋನ್ ಮಾಡಿ, ಅವರ ಕೈಗೇ ಫೋನ್ ಕೊಡು ಎಂದರು. ಅವರು ತೀರಿಕೊಂಡರು ಎಂದೆ. ಆ ಕಡೆ ಅಳು ಶುರು. "ಈಗ ತಾನೇ ಚೆನ್ನಾಗಿದ್ದರಲ್ಲಮ್ಮ."

ಗಾಬರಿಯಾಗಿ ಫೋನನ್ನು ಪಾಸ್ಟರ್ ತಾತನಿಗೆ ಕೊಟ್ಟೆ. ಫರ್ನಿಚರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಸ್ಟೇಷನ್ ಶುರುವಾದಾಗಿನಿಂದ ಇದ್ದವರು ಅವರು. ಬೆಳಗ್ಗೆ ಹನ್ನೊಂದು ಗಂಟೆಯ ಲೈವ್ ಪ್ರೋಗ್ರಾಮ್ ಅವರದು. ಅರ್ಧ ಗಂಟೆ ಸಮಾಧಾನ ಹೇಳಿ ಫೋನಿಟ್ಟು, ನಿಮ್ಮ ಕಡೆ ಹೇಗೆ ಎಂದು ನನ್ನನ್ನು ಕೇಳಿದರು. ನಮ್ಮಲ್ಲಿ ತೀರಿಕೊಂಡವರು ವರ್ಷಕ್ಕೊಮ್ಮೆ ತಿಥಿ ಊಟಕ್ಕೆ ಬಂದು ಹೋಗ್ತಾರೆ, ನಿಮ್ಮ ಹಾಗೆ ಸೋಮವಾರದಿಂದ ಶುಕ್ರವಾರ ಡ್ಯೂಟಿ ಮಾಡಿಸಲ್ಲ ಎಂದೆ.

೩. ನೀಲಿ ಮಾತ್ರೆ

ತಾತನ ಹೆಂಡತಿ ಆಸ್ಟಿನ್‌ನಲ್ಲಿ, ಮಗಳ ಮನೆ ಹತ್ತಿರದ ಕೇರ್ ಹೋಮ್‌ನಲ್ಲಿದ್ದರು. ಮರೆವಿನ ಕಾಯಿಲೆ. ತಾತ ಎದುರಿಗೆ ಹೋಗಿ ನಿಂತರೆ ಯಾರೋ ಏನೋ. ಫೋನ್ ಮಾಡಿದರೆ ರಾಂಗ್ ನಂಬರ್ ಎಂದು ಇಡುತ್ತಿದ್ದರು. ರೇಡಿಯೋದಲ್ಲಿ ಧ್ವನಿ ಬಂದರೆ ಮಾತ್ರ, ನನ್ನ ಗಂಡ ಎಂದು ಮುಖ ಅರಳುತ್ತಿತ್ತು. ಔಷಧಿ ನುಂಗುತ್ತಿದ್ದದ್ದೂ ಆ ಧ್ವನಿ ಹೇಳಿದರೇನೇ. ಹಾಗಾಗಿ ತಾತ ದಿನಾ ಪ್ರೋಗ್ರಾಮ್ ಶುರು ಮಾಡೋದೇ "ಚಿನ್ನಾ, ನೀಲಿ ಮಾತ್ರೆ ತಗೋ" ಅಂತ. ಹ್ಯೂಸ್ಟನ್‌ನಿಂದ ಒಬ್ಬ ಅಂಕಲ್ ಫೋನ್ ಮಾಡಿ, ನಂದು ಬಿಳಿ ಮಾತ್ರೆ, ಪರವಾಗಿಲ್ವಾ ಎಂದು ಕೇಳಿದ್ದರು.

ಆಮೇಲೊಂದು ದಿನ ಮ್ಯಾನೇಜರ್ ತಲೆ ತಗ್ಗಿಸಿಕೊಂಡು ಬಂದರು. ಮೇಲಿನವರ ಆರ್ಡರ್, ತಿಂಗಳ ಕೊನೆಗೆ ಪ್ರೋಗ್ರಾಮ್ ನಿಲ್ಲುತ್ತೆ, ಆ ಹೊತ್ತಿಗೆ ಬೇರೆ ಊರಿನದು ಬರುತ್ತೆ. ತಾತ ಜಗಳ ಆಡಲಿಲ್ಲ.

"ಕೆಲಸ ಹೋದರೆ ಹೋಗಲಿ. ಅವಳ ಪಾಲಿಗೆ ನಾನಿರೋದೇ ಆ ಒಂದು ಗಂಟೆ."

ಮ್ಯಾನೇಜರಿಗೂ ಇದು ಹಿಡಿಸಿರಲಿಲ್ಲ. ತಾತನ ಹಳೇ ಪ್ರೋಗ್ರಾಮ್ ಎಲ್ಲಾ ಕಾಪಿ ಮಾಡಿಕೋ, ನಾನು ನೋಡಿಲ್ಲ ಎಂದು ನನಗೆ ಹೇಳಿ ಬೆನ್ನು ತಿರುಗಿಸಿ ಕೂತರು. ಕಾಪಿ ಮಾಡೋದು ಹೇಗೆ ಅಂತ ಗೊತ್ತಾಗದೆ ಐದು ನಿಮಿಷಕ್ಕೊಮ್ಮೆ ಅವರನ್ನೇ ಕರೆದು ತೋರಿಸಿಕೊಂಡೆ.

೪. ಆಸ್ಟಿನ್‌ನಲ್ಲಿ

ಎಲ್ಲವನ್ನೂ ರೇಡಿಯೋ ಥರದ ಒಂದು ಪುಟ್ಟ ಪ್ಲೇಯರ್‌ಗೆ ಹಾಕಿದೆ. ಬದುಕಿರುವಾಗಲೇ ನನ್ನನ್ನೂ ರೆಕಾರ್ಡಿಂಗ್ ಮಾಡಿಬಿಟ್ಟೆಯಲ್ಲ ಎಂದು ತಾತ ನಕ್ಕರು. ಪ್ರೋಗ್ರಾಮ್ ನಿಂತ ಮಾರನೇ ದಿನ ಅವರನ್ನು ಕೂರಿಸಿಕೊಂಡು ಆಸ್ಟಿನ್‌ಗೆ ಡ್ರೈವ್ ಮಾಡಿದೆ.

ಅಜ್ಜಿ ಕಿಟಕಿ ಪಕ್ಕ ಕೂತಿದ್ದರು. ಯಾರನ್ನು ನೋಡಬೇಕಿತ್ತು ಎಂದು ಗಂಡನನ್ನೇ ಮರ್ಯಾದೆಯಾಗಿ ಕೇಳಿದರು. ಹನ್ನೊಂದಕ್ಕೆ ಸರಿಯಾಗಿ ನಾನು ಬಟನ್ ಒತ್ತಿದೆ. ಧ್ವನಿ ಬಂದದ್ದೇ ಅಜ್ಜಿ ಮಾತ್ರೆ ನುಂಗಿ, ಗಂಟೆಪೂರ್ತಿ ನಗುನಗುತ್ತಾ ಕೇಳಿದರು. ಮಧ್ಯೆ ತಾತ ತಡೆಯಲಾರದೆ ಅವರ ಕೈ ಹಿಡಿದುಕೊಂಡರು. ಅಜ್ಜಿ ಬಿಡಿಸಿಕೊಳ್ಳಲಿಲ್ಲ. ನಾನು ಗೋಡೆ ನೋಡುತ್ತಾ ಕೂತೆ.

ಪ್ರೋಗ್ರಾಮ್ ಮುಗಿಯಿತು. ಅಜ್ಜಿ ಬಾಗಿಲ ಕಡೆ ನೋಡಿ, ಕೈ ಬಿಡಿಸಿಕೊಂಡು, ಮೆಲ್ಲಗೆ ಹೇಳಿದರು.

"ನೀವು ಒಳ್ಳೆಯವರು. ಆದರೆ ಈಗ ಹೊರಡಿ. ನನ್ನ ಗಂಡ ಕೆಲಸ ಮುಗಿಸಿ ಬರೋ ಹೊತ್ತಾಯ್ತು, ಅವರಿಗೆ ಹೊಟ್ಟೆಕಿಚ್ಚು ಜಾಸ್ತಿ."

ತಾತ ಎದ್ದು ನಿಂತು, ನಾಳೆಯೂ ಬರಬಹುದಾ ಎಂದು ಕೇಳಿದರು.

ಅಜ್ಜಿ ಸ್ವಲ್ಪ ಯೋಚನೆ ಮಾಡಿದರು. "ಹನ್ನೊಂದಕ್ಕೆ ಬನ್ನಿ. ಆಗ ಅವರು ರೇಡಿಯೋದಲ್ಲಿರ್ತಾರೆ."